ಒಂದು ರಾತ್ರಿಯ ನೆಲ

ಭಾಲ್ಕಿ, ಔರಾದ ಕಡೆಯ ವಾರಕರಿಗಳು ಪಂಢರಪುರದ ಆಷಾಢ ಏಕಾದಶಿಗೆ ನಡೆದು ಹೋಗುವುದನ್ನು ಬೀದರಿನವನಾದ ನಾನು ಕಂಡೇ ಬೆಳೆದೆ. ಹೆಗಲ ಮೇಲೆ ಕಾವಿ ಪತಾಕೆ, ಬಗಲಲ್ಲೊಂದು ಗಂಟು. ಕತ್ತಲಾದಲ್ಲಿ ಗುಡಿಯ ಕಟ್ಟೆ, ಇಲ್ಲವೆ ಯಾರದೋ ಹೊಲದ ಬೇವಿನ ಮರ. ಆ ನೆಲದಲ್ಲಿ ಮಲಗಲು ಅವರಿಗೆ ಹಕ್ಕಿದೆಯೆ?

ಸ್ಕಾಟ್ಲೆಂಡಿನ 2003ರ ಶಾಸನವೊಂದು ಪಾದಚಾರಿಗೆ ಪರರ ಬಯಲಿನಲ್ಲೂ ಡೇರೆ ಹೂಡುವ ಹಕ್ಕು ಕೊಟ್ಟಿದೆ. ಇಂಗ್ಲೆಂಡಿನ ಡಾರ್ಟ್‌ಮೂರಿನಲ್ಲಿ ಇಂಥ ಹಕ್ಕನ್ನು ಪ್ರಶ್ನಿಸಿದ ಭೂಮಾಲೀಕರು 2025ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತರು. ಮಲಗುವುದಕ್ಕೂ ಕೋರ್ಟೆ ಎಂದು ನಮ್ಮವರು ನಕ್ಕಾರು. ಇಲ್ಲಿ ಒಂದು ಮಾತು ಕೇಳಿದರಾಯಿತು. ಜಾಗವೇನು, ರೊಟ್ಟಿ ಪಲ್ಯವೂ ಬರುತ್ತದೆ.

ಬರುತ್ತದೆ, ನಿಜ. ಆದರೆ ಅದಕ್ಕೆ ಮುಂಚೆ ಒಂದು ಪ್ರಶ್ನೆ ಬರುತ್ತದೆ: “ಯಾವ ಊರಪ್ಪ? ಯಾರ ಪೈಕಿ?” ಪಡಸಾಲೆಯೋ, ಅಂಗಳವೋ, ಊರ ಹೊರಗಿನ ಮರವೋ ಎಂಬುದು ಉತ್ತರವನ್ನು ನೋಡಿಕೊಂಡು ನಿಶ್ಚಯವಾಗುತ್ತದೆ. ವಿಠ್ಠಲನ ಹಾದಿಯೂ ಇದಕ್ಕೆ ಹೊರತಲ್ಲ. ಹದಿನಾಲ್ಕನೆಯ ಶತಮಾನದ ಸಂತ ಚೋಖಾಮೇಳನ ಸಮಾಧಿ ಪಂಢರಪುರದ ಗುಡಿಯ ಬಾಗಿಲ ಹೊರಗಿದೆ. ಅವನ ಜನಕ್ಕೆ ಒಳಗೆ ಪ್ರವೇಶವಾದದ್ದು 1947ರಲ್ಲಿ, ಸಾನೆ ಗುರೂಜಿ ಉಪವಾಸ ಕುಳಿತ ಮೇಲೆ.

ಶಾಸನ ರೊಟ್ಟಿ ಕೊಡದು, ಕುಶಲ ಕೇಳದು. ಕುಲವನ್ನೂ ಕೇಳದು. ಅದಕ್ಕಾಗಿಯೇ ನನ್ನ ಮನಸ್ಸು ಹಕ್ಕಿನ ಕಡೆಗೆ. ರೊಟ್ಟಿ ಕೊಡುವ ಮನಸ್ಸುಳ್ಳವರು ಆಮೇಲೆ ತಂದುಕೊಡಲಿ.

ಇನ್ನು ರೈತನ ಮಾತು. ಅದು ತೊಗರಿ, ಹೆಸರು ಬಿತ್ತುವ ಕಾಲ. ಮೊಳೆತ ಹೊಲದಲ್ಲಿ ಗುಂಪು ಮಲಗಿದರೆ ಅವನ ಗತಿಯೇನು? ಸ್ಕಾಟ್ಲೆಂಡಿನ ಶಾಸನವೂ ಬಿತ್ತಿದ ಹೊಲವನ್ನು ಹೊರಗಿಟ್ಟಿದೆ. ಬದು, ಬೀಳು, ಮಾಂಜ್ರಾ ದಂಡೆ ಉಳಿಯುತ್ತವೆ. ಒಂದು ರಾತ್ರಿಗೆ ಅಷ್ಟು ಸಾಕು.