ಸಹನೆಗೂ ಒಂದು ಎಲ್ಲೆ

ಹೆಣ್ಣನ್ನು ಭೂಮಿಗೆ ಹೋಲಿಸಿ ಹೊಗಳುವುದು ನಮ್ಮಲ್ಲಿ ಹಳೆಯ ವಾಡಿಕೆ. ಹೊಗಳಿಕೆ ಹಿತವಾದುದೇ, ಆದರೆ ಅದು ಹೊಗಳುವವರ ಹೊಣೆಯನ್ನು ಹಗುರ ಮಾಡಿಬಿಡುತ್ತದೆ. ತಾಳಿಕೊಳ್ಳುವವಳನ್ನು ‘ಏನಾಯಿತು?’ ಎಂದು ಕೇಳಬೇಕೆಂದು ಯಾರಿಗೂ ತೋರುವುದಿಲ್ಲ.

ಮುಟ್ಟು ನಿಲ್ಲುವ ಕಾಲದ ಹೆಂಗಸರ ವಿಷಯದಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ನಮ್ಮ ದೇಶದಲ್ಲಿ ಆ ಕಾಲ ಸರಾಸರಿ 46-47ರ ವಯಸ್ಸಿಗೆ ಬರುತ್ತದೆ. ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ನಿಂತಿತೆಂದು ವೈದ್ಯರು ಎಣಿಸುತ್ತಾರೆ. ಆದರೆ ಅದಕ್ಕೆ ಕೆಲವು ವರ್ಷ ಮೊದಲೇ ಅಂಡಾಶಯದ ಈಸ್ಟ್ರೋಜನ್ ಏರುಪೇರಾಗಿ, ಕೊನೆಗೆ ಇಳಿಯುತ್ತದೆ. ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದು, ನಡುರಾತ್ರಿಯ ಎಚ್ಚರ, ಮರೆವು, ಸಿಡುಕು ಇವೆಲ್ಲ ಆಗ ಕಾಣುತ್ತವೆ. ಮನೆಯವರ ಕಣ್ಣಿಗೆ ಬೀಳುವುದು ಸಿಡುಕೊಂದೇ. ದೇಹದ ಬೇಗೆಯನ್ನು ಅವರು ಸ್ವಭಾವದ ದೋಷವೆಂದು ತೀರ್ಮಾನಿಸುತ್ತಾರೆ.

ಇದು ಪ್ರಕೃತಿಸಹಜ, ಸಹಿಸಿಕೊಳ್ಳಬೇಕು ಎನ್ನುವವರುಂಟು. ಸಹಜವೆಂಬುದೇನೋ ನಿಜ, ಇದು ರೋಗವಲ್ಲ. ಆದರೆ ವಯಸ್ಸಾದಂತೆ ಕಣ್ಣು ಮಂಜಾಗುವುದೂ ಸಹಜವೇ. ಕನ್ನಡಕ ಹಾಕಿಕೊಂಡವರನ್ನು ತಾಳ್ಮೆಗೆಟ್ಟವರೆಂದು ಯಾರೂ ಜರೆಯುವುದಿಲ್ಲವಲ್ಲ!

ಔಷಧಿಯ ಅಂಜಿಕೆಗೂ ಕಾರಣವುಂಟು. ಅಮೆರಿಕದಲ್ಲಿ 50ರಿಂದ 79 ವಯಸ್ಸಿನ ಸ್ತ್ರೀಯರಿಗೆ ಎರಡು ಹಾರ್ಮೋನುಗಳನ್ನು ಕೂಡಿಸಿ ಕೊಟ್ಟು ನಡೆಸಿದ ದೊಡ್ಡ ಪರೀಕ್ಷೆಯನ್ನು 2002ರಲ್ಲಿ ನಡುವೆಯೇ ನಿಲ್ಲಿಸಿದರು. ಸ್ತನದ ಕ್ಯಾನ್ಸರ್, ಹೃದ್ರೋಗ ತುಸು ಹೆಚ್ಚಿದ್ದವು. ಸುದ್ದಿ ಹಬ್ಬಿ ಅನೇಕರು ಚಿಕಿತ್ಸೆಯನ್ನೇ ಬಿಟ್ಟರು. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಮುಂದೆ ಅಂಕಿಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದರು. 60 ದಾಟದ, ಅಥವಾ ಮುಟ್ಟು ನಿಂತು ಹತ್ತು ವರ್ಷವಾಗದ, ಈ ಬೇಗೆಯಿಂದ ಬಳಲುವ ಹೆಂಗಸಿಗೆ ಬೇರೆ ಅಡ್ಡಿಯಿಲ್ಲದಿದ್ದರೆ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚೆಂದು ವೈದ್ಯರು ಈಗ ಎಣಿಸುತ್ತಾರೆ. ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ; ಅವರಿಗೆ ಬೇರೆ ಮದ್ದುಗಳುಂಟು.

ಕೆಲವೆಡೆ ಸಹನೆಯೇ ಕೇಡು. ನಿಂತ ಮೇಲೆ ಮತ್ತೆ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅದು ಗರ್ಭಕೋಶದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ಮೂಳೆ ಸವೆಯುವುದಂತೂ ನೋವಿಲ್ಲದೆ ಸಾಗುತ್ತದೆ. ಜಾರಿ ಬಿದ್ದು ಮುರಿದಾಗಲೇ ತಿಳಿಯುವುದು. ದಿನವೂ ನಡೆಯುವುದು, ಹಾಲು, ರಾಗಿ ಮೊದಲಾದ ಸುಣ್ಣದಂಶದ ಆಹಾರ ಇವು ಮೊದಲಿನಿಂದಲೇ ಬೇಕು.

ಎಲ್ಲವನ್ನೂ ತಿಳಿದು, ಔಷಧಿ ಬೇಡವೆಂದು ತಾನೇ ನಿಶ್ಚಯಿಸಿದವಳ ತಾಳ್ಮೆಗೆ ತಲೆಬಾಗೋಣ. ಹೇಳಲು ನಾಚಿ, ಕೇಳುವವರಿಲ್ಲದೆ ತಾಳಿದವಳನ್ನು ಹೊಗಳುವ ಹಕ್ಕು ನಮಗಿಲ್ಲ. ಭೂಮಿಯ ಹೋಲಿಕೆಯೇ ಬೇಕಾದರೆ ಬೇಸಾಯಗಾರನನ್ನು ನೋಡೋಣ: ಅವನು ಭೂಮಿಯನ್ನು ಹೊಗಳಿ ಸುಮ್ಮನಿರುವುದಿಲ್ಲ; ಮಣ್ಣು ಸೊರಗಿದೆಯೇ ಎಂದು ಮುಟ್ಟಿ ನೋಡುತ್ತಾನೆ.