ಮರೆತವರಿಗೆ ತೀರಿಸತಕ್ಕ ಋಣ

ತಾಯಿಯೊಬ್ಬಳು ತಾನು ಹೆತ್ತು ಸಾಕಿದ ಮಗನ ಮುಖವನ್ನು ನೋಡಿ, ನೀನು ಯಾರ ಪೈಕಿಯಪ್ಪಾ ಎಂದು ಕೇಳಿದರೆ ಆ ಮಗನು ಏನು ಮಾಡತಕ್ಕದ್ದು? ಉಂಡು ಕೈತೊಳೆದ ಮೇಲೆ, ನನಗೆ ಉಣಲಿಕ್ಕೆ ಕೊಡಲಿಲ್ಲವೆಂದು ನೆರೆಯವರ ಮುಂದೆ ದೂರುವ ಅತ್ತೆಗೆ ಸೊಸೆಯು ಯಾವ ಮನಸ್ಸಿನಿಂದ ಮತ್ತೆ ಗಂಗಾಳ ಇಡಬೇಕು? ನಮ್ಮನ್ನು ಗುರುತಿಸಲಾರದವರಿಗೆ ನಾವು ಇನ್ನೂ ಮರ್ಯಾದೆಯನ್ನು ಸಲ್ಲಿಸತಕ್ಕವರೋ? ಈ ಪ್ರಶ್ನೆಯು ನಮ್ಮ ಹಳ್ಳಿಗಳ ಅಡಿಗೆಮನೆಗಳಲ್ಲಿ ದಿನಾಲು ಹುಟ್ಟುವದು. ಆದರೆ ಹೊರಗೆ ಬಾರದೆ ಅಲ್ಲಿಯೇ ನುಂಗಲ್ಪಡುವದು.

ಇದು ಅಪರೂಪವಾದ ಸಂಗತಿಯಲ್ಲ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಲೆಕ್ಕದ ಪ್ರಕಾರ ಭಾರತದಲ್ಲಿ 60 ವರುಷ ತುಂಬಿದವರೊಳಗೆ ನೂರಕ್ಕೆ 7ಕ್ಕಿಂತ ಹೆಚ್ಚು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಶಿಯಾ ಎಂಬ ಮರೆಗುಳಿ ರೋಗವಿದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೇ ಇದು ಹೆಚ್ಚೆಂದು ಆ ಲೆಕ್ಕದಿಂದ ತಿಳಿಯುವದು.

ಅರವತ್ತಕ್ಕೆ ಅರಳುಮರಳು ಎಂದು ನಮ್ಮವರು ಗಾದೆ ಹೇಳಿ ಸುಮ್ಮನಾಗುವದುಂಟು. ಆದರೆ ಇದು ಮುಪ್ಪಿನ ಸಹಜ ಗುಣವಲ್ಲ, ಮಿದುಳಿನ ರೋಗವು. ಕನ್ನಡ ಶಬ್ದಗಳನ್ನೆಲ್ಲಾ ಕೂಡಿಸಿ 1894ರಲ್ಲಿ ನಿಘಂಟನ್ನು ಕೊಟ್ಟ ಕಿಟ್ಟೆಲ್ ಸಾಹೇಬರು 1903ರಲ್ಲಿ ಜರ್ಮನಿಯ ಟ್ಯೂಬಿಂಗನ್ ಪಟ್ಟಣದಲ್ಲಿ ತೀರಿಕೊಂಡರಷ್ಟೆ. ಅದೇ ಪಟ್ಟಣದಲ್ಲಿ 1906ರಲ್ಲಿ ಕೂಡಿದ್ದ ವೈದ್ಯರ ಸಭೆಯ ಮುಂದೆ ಆಲೋಯಿಸ್ ಆಲ್ಝೈಮರ್ ಎಂಬ ವೈದ್ಯರು ಒಬ್ಬ ಸ್ತ್ರೀಯ ಸಂಗತಿಯನ್ನು ವಿವರಿಸಿದರು. ಆಕೆಯು ತನ್ನ ಹೆಸರನ್ನು ಸಹ ಪೂರ್ತಿಯಾಗಿ ಬರೆಯಲಾರದವಳಾಗಿದ್ದಳು. ಆಸ್ಪತ್ರೆಗೆ ಸೇರಿದಾಗ ಆಕೆಯ ಪ್ರಾಯವು 51 ಮಾತ್ರ. ಮರಣದ ತರುವಾಯ ಆಕೆಯ ಮಿದುಳು ಕ್ಷಯಿಸಿದ್ದು ಕಂಡುಬಂತು. ಆದಕಾರಣ ಇಂಥವರನ್ನು ಹಟಮಾರಿಗಳೆಂದು ಬೈಯುವದೂ, ಗಾಳಿ ಸೋಂಕಿತೆಂದು ಹೊಡೆದು ಬಿಡಿಸಹೋಗುವದೂ ರೋಗಿಗೆ ಮಾಡುವ ಅನ್ಯಾಯವೇ ಸರಿ.

ಒಳ್ಳೇದು, ರೋಗವೆಂದು ಒಪ್ಪಿದೆವು. ಆದರೂ ಅವಳಿಗೆ ಏನೂ ನೆನಪಿಲ್ಲವಲ್ಲಾ, ನಾವು ಮಾಡಿದ್ದು ಗೊತ್ತಾಗುವದಿಲ್ಲವಲ್ಲಾ ಎಂದು ಕೆಲವರು ಅನ್ನಬಹುದು. ಇವರಿಗೆ ನಾವು ಒಂದು ಮಾತು ಕೇಳುವೆವು. ಸಾಹುಕಾರನ ಖಾತೆ ಪುಸ್ತಕವನ್ನು ಗೆದ್ದಲು ತಿಂದರೆ ಸಾಲವು ತೀರಿಹೋಯಿತೋ? ಕೊಟ್ಟವನು ಮರೆತರೂ ತಕ್ಕೊಂಡವನು ಬಲ್ಲನು. ಇನ್ನೊಂದು ಸಂಗತಿಯನ್ನು ಯೋಚಿಸಿರಿ. ತಾಯಿಯು ನಮ್ಮನ್ನು ಎದೆಗೆ ಅವಚಿಕೊಂಡದ್ದೂ, ಮೈಲಿಗೆ ಬಟ್ಟೆಗಳನ್ನು ಒಗೆದದ್ದೂ, ಜ್ವರ ಬಂದಾಗ ರಾತ್ರಿಯೆಲ್ಲಾ ಕೂತದ್ದೂ ನಮ್ಮಲ್ಲಿ ಯಾರಿಗೆ ನೆನಪಿದೆ? ಒಬ್ಬರಿಗೂ ಇಲ್ಲ. ಈ ಕೂಸು ಇದನ್ನು ನೆನಪಿಡುವದಿಲ್ಲ, ಆದಕಾರಣ ಹಾಲು ಯಾಕೆ ಎಂದು ಆಕೆಯು ಎಣಿಸಿದ್ದರೆ ಇಂದು ನಾವು ಇರುತ್ತಿರಲಿಲ್ಲ. ನೆನಪು ಇನ್ನೂ ಬಾರದಿದ್ದ ನಮ್ಮನ್ನು ಆಕೆ ಸಾಕಿದಳು. ನೆನಪು ಹೊರಟುಹೋದ ಆಕೆಯನ್ನು ಈಗ ನಾವು ಸಾಕಬೇಕು. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯಲ್ಲಿ, ಅವರಿಗೆ ಬುದ್ಧಿ ಸ್ವಾಧೀನವಿರುವ ತನಕ ಎಂಬ ಷರತ್ತು ಎಲ್ಲಿಯೂ ಇಲ್ಲ.

ನಮ್ಮ ಸೀಮೆಯಲ್ಲಿಯೇ ಇದಕ್ಕೆ ಒಂದು ದೃಷ್ಟಾಂತವುಂಟು. ಡಂಬಳದ ಕೆರೆಯನ್ನೂ ದೊಡ್ಡಬಸಪ್ಪನ ಗುಡಿಯನ್ನೂ ಕಾಣದವರು ಕಡಿಮೆ. ಆದರೆ ಈ ಊರಿಗೆ ಮುಂಚೆ ಧರ್ಮವೊಳಲು ಎಂಬ ಹೆಸರಿತ್ತೆಂದು ಸಂತೆಗೆ ಬಂದವರಲ್ಲಿ ಎಷ್ಟು ಜನರು ಹೇಳಾರು? ಇಲ್ಲಿಯ ಹದಿನಾರು ಸೆಟ್ಟಿಗಳು ಕೂಡಿ ಬೌದ್ಧರ ವಿಹಾರವೊಂದನ್ನು ಕಟ್ಟಿಸಿದ್ದರೆಂದು 1095ರ ಸುಮಾರಿನ ಶಾಸನವು ಹೇಳುವದು. ಊರು ಮರೆಯಿತು, ಕಲ್ಲು ಮರೆಯಲಿಲ್ಲ. ತನ್ನ ಹೆಸರನ್ನು ಮರೆತದ್ದರಿಂದ ಊರು ಬೇರೆ ಊರಾಗಲಿಲ್ಲ. ಹಾಗೆಯೇ ತನ್ನ ಹೆಸರನ್ನು ಮರೆತ ಮುದುಕನೂ ಬೇರೆಯವನಾಗುವದಿಲ್ಲ; ಅವನು ಯಾರೆಂಬದನ್ನು ಕಲ್ಲಿನಂತೆ ಹಿಡಿದಿಟ್ಟುಕೊಳ್ಳುವ ಕೆಲಸವು ಮಾತ್ರ ಸುತ್ತಲಿನವರಿಗೆ ಬರುವದು.

ಈ ಕೆಲಸದಲ್ಲಿ ಸತ್ಯದ ಪ್ರಶ್ನೆಯೂ ಏಳುವದು. ಸತ್ತು ಇಪ್ಪತ್ತು ವರುಷವಾದ ಗಂಡನು ಹೊಲದಿಂದ ಯಾಕೆ ಇನ್ನೂ ಬರಲಿಲ್ಲವೆಂದು ಮುದುಕಿಯು ಕೇಳುವಳು. ಸತ್ತನೆಂದರೆ ಪ್ರತಿಸಾರಿಯೂ ಹೊಸ ದುಃಖ, ಬರುತ್ತಾನೆಂದರೆ ಸುಳ್ಳು. ನಡುವೆ ಮೂರನೆಯ ದಾರಿಯೊಂದುಂಟು. ಅವರು ಹೇಗಿದ್ದರು ಹೇಳವ್ವಾ ಎಂದು ಹತ್ತಿರ ಕೂತು ಕೇಳಿರಿ. ಅವಳು ಬಯಸುವದು ಅವನ ಸುದ್ದಿಯನ್ನೇ. ಅವನ ಮಾತು ಆಡುತ್ತಾ ಆಡುತ್ತಾ ಅವಳ ಕಳವಳವು ಬಹಳ ಸಾರಿ ಇಳಿಯುವದು. ಆದರೆ ಇದಕ್ಕೆ ತಾಳ್ಮೆಯೂ ಹೊತ್ತೂ ಬೇಕು. ಅವು ಯಾರ ಹತ್ತಿರ ಉಂಟು?

ನಾವು ಹೇಳಬೇಕಾದ ಮುಖ್ಯ ಮಾತು ಇಲ್ಲಿಯೇ ಅದೆ. ಋಣವು ಎಲ್ಲರದು ಎಂದು ಎಲ್ಲರೂ ಒಪ್ಪುವರು. ತೀರಿಸುವವಳು ಮಾತ್ರ ಬಹಳ ಮನೆಗಳಲ್ಲಿ ಒಬ್ಬಳೇ. ಗಂಡುಮಕ್ಕಳು ಗದಗ, ಹುಬ್ಬಳ್ಳಿ, ಗೋವೆ, ಬೆಂಗಳೂರುಗಳಿಗೆ ದುಡಿಯಲಿಕ್ಕೆ ಹೋಗಿರುವರು. ಸೊಸೆಯೋ ಮಗಳೋ ಹಗಲು ಹೊಲ, ರಾತ್ರಿ ಕಾವಲು ಎಂದು ಸವೆಯುವಳು. ಮುದುಕನು ಬಾಗಿಲು ತೆಗೆದುಕೊಂಡು ಕೆರೆಯ ಕಡೆಗೆ ನಡೆದರೆ ಊರೆಲ್ಲಾ ಕೇಳುವದು ಅವಳನ್ನೇ, ನೀನು ಏನು ಮಾಡುತ್ತಿದ್ದೀ ಎಂದು. ಕೇಳಿದವರು ಒಂದು ತಾಸು ಕಾದುಕೊಂಡು ಕೂತದ್ದುಂಟೋ? ಸಹಾಯ ಕೊಡದೆ ತಪ್ಪು ಹುಡುಕುವದು ದೊಡ್ಡ ಪಾಪವು.

ನಾವು ಓದುಬರಹ ಅರಿಯದವರು, ಏನು ಮಾಡಬಲ್ಲೆವು ಎಂದು ಯಾರೂ ಹಿಂಜರಿಯಬಾರದು. ನೆರೆಯ ಗೋವೆಯಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಲ್ಲಿ 81 ಕುಟುಂಬಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿನ ಮನೆಗಳಿಗೆ ವೈದ್ಯರಲ್ಲದ ಸ್ಥಳಿಕರನ್ನೇ ತರಬೇತು ಮಾಡಿ ಆರು ತಿಂಗಳು ಹದಿನೈದು ದಿವಸಕ್ಕೊಮ್ಮೆಯಾದರೂ ಕಳುಹಿಸಿದರು. ಅವರು ರೋಗದ ಸಂಗತಿಯನ್ನು ತಿಳಿಸಿದರು, ಸ್ನಾನ ಊಟಗಳ ಉಪಾಯ ಹೇಳಿದರು, ಆರೈಕೆ ಮಾಡುವವರ ಕಷ್ಟವನ್ನು ಕೇಳಿದರು. ಆರೈಕೆ ಮಾಡುವವರ ಮನಸ್ಸಿನ ಭಾರವು ಇಳಿಯಿತೆಂದು 2008ರಲ್ಲಿ ಪ್ರಕಟಿಸಿದರು. ರೋಗವು ವಾಸಿಯಾಗಲಿಲ್ಲ, ಅದಕ್ಕೆ ಇಂದಿಗೂ ವಾಸಿಮಾಡುವ ಔಷಧವಿಲ್ಲ. ಆದರೂ ಮನೆಯು ಮುರಿಯದೆ ನಿಂತಿತು.

ಹಾಗಾದರೆ ನಮ್ಮ ಸಭೆಗಳವರು ಮಾಡತಕ್ಕದ್ದೇನಂದರೆ, ಮೊದಲು ರೋಗಿಯನ್ನು ವೈದ್ಯರ ಬಳಿಗೆ ಕರಕೊಂಡು ಹೋಗಬೇಕು. ಯಾಕಂದರೆ ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಬರುವದು, ಇವಕ್ಕೆ ಚಿಕಿತ್ಸೆಯುಂಟು. ಡಂಬಳದಿಂದ ಗದಗಿನ ಜಿಲ್ಲಾ ಆಸ್ಪತ್ರೆಗೆ ಸುಮಾರು 20 ಕಿಲೋಮೀಟರು. ಹೆಚ್ಚಿನ ಪರೀಕ್ಷೆಗೆ ಧಾರವಾಡದ ಡಿಮ್ಹಾನ್ಸ್ ಅದೆ. ಮನೆಯಿಂದಲೇ ಕೇಳಬೇಕಾದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ನಂಬರಿಗೂ, ವೃದ್ಧರ ಸಹಾಯವಾಣಿಯಾದ 14567ಕ್ಕೂ ಖರ್ಚಿಲ್ಲದೆ ಫೋನು ಮಾಡಬಹುದು.

ಎರಡನೆಯದಾಗಿ, ಇಂಥ ಮನೆಯೊಂದಿದ್ದರೆ ನಾಲ್ಕು ಮನೆಯವರು ಸರದಿ ಕಟ್ಟಿಕೊಳ್ಳಿರಿ. ವಾರಕ್ಕೆ ಎರಡು ತಾಸು ಒಬ್ಬರು ಬಂದು ಕೂತರೆ ಆ ಹೆಣ್ಣುಮಗಳು ಸಂತೆಗೆ ಹೋದಾಳು, ತವರಿಗೆ ಮುಖ ತೋರಿಸಿ ಬಂದಾಳು, ಇಲ್ಲವೆ ಕಣ್ಣುಮುಚ್ಚಿ ನಿದ್ದೆಯಾದರೂ ಮಾಡ್ಯಾಳು. ಮೂರನೆಯದಾಗಿ, ಹೆಸರೂ ಫೋನು ನಂಬರೂ ಬರೆದ ಚೀಟಿಯನ್ನು ರೋಗಿಯ ಅಂಗಿಗೆ ಹೊಲಿಯಿರಿ. ಅಂಗಡಿಯವರಿಗೂ ಬಸ್ಸಿನವರಿಗೂ ಗುರುತು ಹೇಳಿಡಿರಿ. ಬಾವಿಗೆ ಮುಚ್ಚಳ ಹಾಕಿರಿ. ರಾತ್ರಿ ಒಂದು ದೀಪವನ್ನು ಉರಿಯಗೊಡಿರಿ. ನಾಲ್ಕನೆಯದಾಗಿ, ರೋಗಿಯ ಮಾತುಗಳನ್ನು ಕಟ್ಟೆಯ ಮೇಲೆ ನಗೆಯ ಕಥೆ ಮಾಡಬೇಡಿರಿ. ನೋಹನು ಮೈಮರೆತು ಬಿದ್ದಾಗ ಒಬ್ಬ ಮಗನು ಹೊರಗೆ ಹೋಗಿ ಹೇಳಿದನು, ಇಬ್ಬರು ಹಿಂದಕ್ಕೆ ನಡೆದು ಹೊದಿಸಿದರು. ಆ ಇಬ್ಬರ ಕೆಲಸವೇ ನಮ್ಮದಾಗಲಿ.

ಹದಿನಾರು ಮಂದಿ ಕೂಡಿ ವಿಹಾರ ಕಟ್ಟಿದ ಸೀಮೆಯಲ್ಲಿ ನಾಲ್ಕು ಮನೆಯವರು ಕೂಡಿ ಒಬ್ಬ ಮುದುಕಿಯನ್ನು ಕಾಯಲಾರೆವು ಎಂದರೆ ಯಾರು ನಂಬಾರು? ಅವಳು ನಮ್ಮ ಹೆಸರನ್ನು ಮರೆತಳು. ನಾವು ಅವಳ ಹೆಸರನ್ನು ಹಿಡಿದು ಕರೆಯೋಣ. ಅವಳನ್ನು ಆರೈಕೆ ಮಾಡುವವಳ ಹೆಸರನ್ನೂ ಮರೆಯದಿರೋಣ.