ಐತವಾರದ ಬುತ್ತಿ

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆಯ ಎದುರಿಗೇ ಹುಡುಗರ ಹಾಸ್ಟೆಲ್ಲು. ನಿವೃತ್ತಿಯಾದ ಮೇಲೆ ಕಟ್ಟೆಯ ಮೇಲೆ ಕೂತು ಅದನ್ನು ನೋಡುವುದು ನನಗೊಂದು ಚಟ. ಸೋಮವಾರದಿಂದ ಶುಕ್ರವಾರದ ತನಕ ನೋಡುವಂಥದ್ದೇನೂ ಇರುವುದಿಲ್ಲ. ಅದೇ ತಾಟು, ಅದೇ ಸಾರು, ಅದೇ ಸಾಲು. ಯಾರು ಹತ್ತೆಕರೆ ನೀರಾವರಿಯವರ ಮಗ, ಯಾರು ಕೂಲಿಯವರ ಮಗ ಎಂದು ಗುರುತು ಹತ್ತುವುದಿಲ್ಲ. ಶನಿವಾರ ಮಧ್ಯಾಹ್ನ ಆ ಸಾಲು ಒಡೆಯುತ್ತದೆ.

ಸಮೀಪದ ಊರಿನವರು ಮಾಸಿದ ಅರಿವೆ ತುಂಬಿದ ಬ್ಯಾಗು ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನತ್ತ ನಡೆಯುತ್ತಾರೆ. ಕೈಯಲ್ಲಿ ಕಾಸು ಆಡುವವರು ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ. ಆಚೆ ಓಣಿಯ ಹುಡುಗಿಯರ ಹಾಸ್ಟೆಲ್ಲಂತೂ 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದಾಗಿನಿಂದ ಶನಿವಾರ ಭಣಭಣ. ಅಣ್ಣ ಟಿಕೆಟ್ಟಿನ ಲೆಕ್ಕ ಹಾಕಿ ಇಲ್ಲೇ ಉಳಿಯುತ್ತಾನೆ. ತಂಗಿ ಆಧಾರ್ ಕಾರ್ಡ್ ತೋರಿಸಿ ಊರಿಗೆ ಹೋಗಿ ಇಬ್ಬರ ರೊಟ್ಟಿಯನ್ನೂ ಹೊತ್ತು ತರುತ್ತಾಳೆ. ಮಗಳು ಹಬ್ಬಕ್ಕಷ್ಟೇ ತವರು ಕಂಡ ಕಾಲದವನು ನಾನು. ಈ ಅದಲುಬದಲು ನೋಡಲು ಮಜಾ ಅನಿಸುತ್ತದೆ.

ಐತವಾರ ಬೆಳಗ್ಗೆ ಒಗೆಯಾಣ. ಇದ್ದೊಂದು ಜೀನ್ಸ್ ಪ್ಯಾಂಟನ್ನು ತಂತಿಗೆ ಹಾಕಿ, ಟಾವೆಲ್ ಸುತ್ತಿಕೊಂಡು, ಬಿಸಿಲು ಸರಿದಂತೆ ಅದನ್ನೂ ಸರಿಸುತ್ತ ಪುಸ್ತಕ ಹಿಡಿದು ಕೂತಿರುವವನೊಬ್ಬನಿದ್ದಾನೆ. ಹತ್ತರ ಹೊತ್ತಿಗೆ ಬುತ್ತಿಗಳು ಬರುತ್ತವೆ. ಊರಲ್ಲಿ ಅವ್ವಂದಿರು ಬಸ್ಸಿನವರ ಕೈಗೆ ಕೊಟ್ಟ ಗಂಟು, ಇಲ್ಲಿ ಹುಡುಗರು ಸ್ಟ್ಯಾಂಡಿನಲ್ಲಿ ಕಾದು ಇಳಿಸಿಕೊಳ್ಳುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಮಡಕಿಕಾಳು. ಗಂಟು ಬಿಚ್ಚಿದ ಕೂಡಲೇ ಕಟ್ಟೆಯ ತನಕ ಬಳ್ಳೊಳ್ಳಿ ವಾಸನೆ.

ಆ ಜೀನ್ಸ್ ಪ್ಯಾಂಟಿನ ಹುಡುಗ ಸರಿಯಾಗಿ ಆ ಹೊತ್ತಿಗೇ, ಅರೆ ಒಣಗಿದ ಪ್ಯಾಂಟನ್ನೇ ತೊಟ್ಟು, ಕೆಲಗೇರಿ ಕೆರೆಯ ಕಡೆ ಹೊರಡುತ್ತಾನೆ. ಒಂದು ದಿನ ಕೇಳಿದೆ.

"ಊಟ ಆತೇನಪಾ?"

"ಆಗ್ಲೇ ಆತ್ರಿ ಕಾಕಾ."

ಮೆಸ್ಸಿನ ಗಂಟೆ ಇನ್ನೂ ಬಾರಿಸಿರಲಿಲ್ಲ.

ಈ ಮಾತು ನನಗೆ ಹೊಸದಲ್ಲ. ನಮ್ಮಪ್ಪ ನಲವತ್ತರ ದಶಕದಲ್ಲಿ ಕರ್ನಾಟಕ ಕಾಲೇಜಿನಲ್ಲಿ ಓದಿದ್ದು ವಾರಾನ್ನ ಉಂಡು. ವಾರಕ್ಕೆ ಏಳು ಮನೆ. ಎರಡನೇ ಸಲ ಬಡಿಸಲು ಬರುವ ಮೊದಲೇ "ಸಾಕ್ರಿ, ಹೊಟ್ಟಿ ತುಂಬೇತಿ" ಅನ್ನುವುದನ್ನು ಆತ ಕಾಲೇಜಿನ ಪಾಠಕ್ಕಿಂತ ಮೊದಲು ಕಲಿತ. ಸಾಯುವ ತನಕ ಹಾಗೇ ಅನ್ನುತ್ತಿದ್ದ, ತನ್ನ ಸ್ವಂತ ಮನೆಯಲ್ಲಿ, ತನ್ನ ಹೆಂಡತಿಗೆ.

ಆ ವಾರಾನ್ನವೂ ಎಲ್ಲ ಜಾತಿಯ ಹುಡುಗರಿಗೆ ಸಿಗುತ್ತಿರಲಿಲ್ಲ. ಮಠಗಳ ಪ್ರಸಾದ ನಿಲಯಗಳು, ಜಾತಿವಾರು ಬೋರ್ಡಿಂಗುಗಳು, ಆಮೇಲೆ ಸರ್ಕಾರದ ಹಾಸ್ಟೆಲ್ಲುಗಳು ಬಂದದ್ದು ಆ ಬಾಗಿಲುಗಳ ಮುಂದೆ ನಿಲ್ಲುವುದು ತಪ್ಪಲಿ ಅಂತಲೇ. ಕೊಡುವವರ ಮುಖ ನೋಡದೆ ಉಣ್ಣಬಹುದಾದ ಅನ್ನ ಅದು, ನನ್ನ ಪ್ರಕಾರ ಬಲು ದೊಡ್ಡ ಸಂಗತಿ. ಆದರೆ ಐತವಾರ ಪ್ರತಿಯೊಬ್ಬನ ಮನೆಯೂ ಡಬ್ಬಿಯೊಳಗೆ ಕೂತು ಹಾಸ್ಟೆಲ್ಲಿಗೆ ಬರುತ್ತದೆ. ಬಾರದವನ ಮನೆ ಬಾರದಿರುವುದೂ ಎಲ್ಲರಿಗೆ ಕಾಣುತ್ತದೆ. ಗೆಳೆಯರು ಕರೆಯುವುದಿಲ್ಲ ಅಂತಲ್ಲ. ಕರೆಯುತ್ತಾರೆ, ಕೈ ಹಿಡಿದು ಎಳೆಯುತ್ತಾರೆ. ಅದಕ್ಕೇ ಅವನು ಕೆರೆಗೆ ಹೋಗುವುದು.

"ಐತವಾರಕ್ಕೊಮ್ಮೆ ನಮ್ಮಲ್ಲೇ ಉಣ್ಣಲಿ, ಕರೀರಿ" ಅಂದಳು ನನ್ನಾಕೆ. ನಾನು ಬೇಡವೆಂದೆ. ಅಪ್ಪನ ಏಳು ಮನೆಗಳಲ್ಲಿ ಒಂದಾಗಲು ನನಗೆ ಧೈರ್ಯವಾಗಲಿಲ್ಲ. ಜಿಪುಣತನಕ್ಕೆ ಒಳ್ಳೆಯ ಹೆಸರಿಟ್ಟಿದ್ದೀರಿ ಎಂದು ಆಕೆ ಎರಡು ದಿನ ಮಾತು ಬಿಟ್ಟಳು. ಅದೂ ಇರಬಹುದು.

ಹೋದ ಐತವಾರ ಅವನೇ ಗೇಟಿನ ಹತ್ತಿರ ಬಂದ. "ಕಾಕಾ, ಸೂಜಿ-ದಾರ ಅದಾವೇನ್ರಿ? ಬ್ಯಾಗ್ ಹರದೈತಿ." ಕಟ್ಟೆಯ ಮೇಲೆ ಕೂತು ಹೊಲಿಯತೊಡಗಿದ. ಆಕೆ ಒಗ್ಗರಣೆ ಅವಲಕ್ಕಿ ತಂದಳು. "ಆಗ್ಲೇ ಆತ್ರಿ ಕಾಕೂ." ಆಕೆ ಏನೂ ಅನ್ನದೆ ತಾಟು ಇಟ್ಟು ಒಳಗೆ ನಡೆದಳು. ನಾನೂ ಪೇಪರ್ ಮಡಚಿಕೊಂಡು ಹಿಂದೆಯೇ ಎದ್ದೆ.

ಅರ್ಧ ತಾಸಿನ ಮೇಲೆ ಹೊರಗೆ ಬಂದರೆ ಅವನಿರಲಿಲ್ಲ. ದಾರದ ಉಂಡೆಗೆ ಸೂಜಿ ಚುಚ್ಚಿಟ್ಟಿದ್ದ. ತಾಟು ಅಂಗಳದ ನಲ್ಲಿಯಲ್ಲಿ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿತ್ತು.